ಹೆಸರಿಗೊಂದು ಕಾಲಂ, ಕರೆಯೋದಕ್ಕೊಂದು ಕಾಲಂ

ತಂಗಿಯ ಮದುವೆ ಪತ್ರಿಕೆ ಪ್ರೆಸ್ಸಿನಿಂದ ಮನೆಗೆ ಬಂದಿದ್ದು 2019ರ ಮಾರ್ಚ್ ಕೊನೆಯಲ್ಲಿ. ಎರಡು ರಟ್ಟಿನ ಡಬ್ಬ. ಒಂದರಲ್ಲಿ ಪತ್ರಿಕೆ, ಇನ್ನೊಂದರಲ್ಲಿ ಕವರು. ಅಪ್ಪ ಕಟ್ಟು ಬಿಚ್ಚಿ ಒಂದು ಕವರು ತೆಗೆದುಕೊಂಡರು. ಇಂಕು ಪೆನ್ನಿನ ಕ್ಯಾಪ್ ತೆಗೆದು ಮೊದಲ ಹೆಸರು ಬರೆಯಲು ಕೂತರು.

ನಮ್ಮ ಮನೆಯ ಎಲ್ಲ ಶುಭಕಾರ್ಯಕ್ಕೂ ವಿಳಾಸ ಬರೆದಿದ್ದು ಅಪ್ಪನೇ. ಚಿಕ್ಕಪ್ಪನ ಮದುವೆ, ನನ್ನ ಉಪನಯನ, ಮನೆ ಒಕ್ಕಲು, ಎಲ್ಲದಕ್ಕೂ. ಮೂವತ್ತು ವರ್ಷ ಮೇಷ್ಟ್ರಾಗಿ ಕಪ್ಪು ಹಲಗೆ ಮೇಲೆ ಬರೆದ ಕೈ ಅದು. ದುಂಡಗೆ, ಬಿಡಿಬಿಡಿಯಾಗಿ, ಒತ್ತಕ್ಷರ ಎಲ್ಲೂ ಕೆಳಗಿನ ಸಾಲಿಗೆ ತಾಗದ ಹಾಗೆ ಬರೆಯುತ್ತಿದ್ದರು. ಆದರೆ ಆ ದಿನ ಮೂರನೇ ಸಾಲಿಗೆ ಬರುವಷ್ಟರಲ್ಲಿ ಕೈ ನಡುಗಿ ಅಕ್ಷರ ಜಾರಿತು. ಅಪ್ಪ ಆ ಕವರನ್ನು ಸ್ವಲ್ಪ ಹೊತ್ತು ನೋಡಿದರು. ಪೆನ್ನಿನ ಕ್ಯಾಪ್ ಹಾಕಿದರು.

"ಇಷ್ಟೂ ನನ್ನಿಂದ ಆಗೋದಲ್ಲ ಮಾರಾಯ. ನಿನ್ನ ಕಂಪ್ಯೂಟರಿನಲ್ಲಿ ಆಗುತ್ತದಾ ನೋಡು" ಅಂದರು.

ಒಟ್ಟು 380 ಕವರು. ಕಂಪ್ಯೂಟರಿನಲ್ಲಿ ಆಗುತ್ತದೆ ಅಂತ ನನಗೆ ಗೊತ್ತಿತ್ತು. ಆಫೀಸಿನಲ್ಲಿ ಮೇಲ್ ಮರ್ಜ್ ಮಾಡಿ ನೂರಾರು ಪತ್ರ ಕಳಿಸಿದ್ದೆ. ಅವೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ, ಅದೂ ಅಪ್ಪನ ಜಾಗದಲ್ಲಿ ಕೂತು ಮಾಡೋದು ಬೇರೆಯೇ ಕೆಲಸ ಅಂತ ಗೊತ್ತಾಗಿದ್ದು ಆಮೇಲೆ.

ಮೇಲ್ ಮರ್ಜ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆ ಎಕ್ಸೆಲ್ ಅಥವಾ ಕ್ಯಾಲ್ಕ್ ಶೀಟಿನಲ್ಲಿ ಹೆಸರು, ವಿಳಾಸಗಳ ಪಟ್ಟಿ ಇರುತ್ತದೆ. ಇನ್ನೊಂದು ಕಡೆ ಕವರಿನ ಅಳತೆಗೆ ಮಾಡಿಕೊಂಡ ಒಂದೇ ಒಂದು ಪುಟ. ಆ ಪುಟದಲ್ಲಿ "ಇಲ್ಲಿ ಹೆಸರು, ಇಲ್ಲಿ ಊರು, ಇಲ್ಲಿ ಪಿನ್" ಅಂತ ಜಾಗ ಗುರುತು ಮಾಡಿ ಇಡುತ್ತೀರಿ. ಪ್ರಿಂಟ್ ಕೊಟ್ಟರೆ ಪಟ್ಟಿಯ ಒಂದೊಂದು ಸಾಲೂ ಒಂದೊಂದು ಕವರಾಗಿ ಹೊರಗೆ ಬರುತ್ತದೆ. ಹೊಸ ವಿದ್ಯೆಯೇನಲ್ಲ. 1980ರ ದಶಕದಲ್ಲಿ ವರ್ಡ್‌ಸ್ಟಾರ್ ಬಳಸಿದವರಿಗೆ ಅದರ ಜೊತೆ ಬಳಸುತ್ತಿದ್ದ ಮೇಲ್‌ಮರ್ಜ್ ಅನ್ನುವ ಪ್ರೋಗ್ರಾಂ ನೆನಪಿರಬಹುದು. ನಾನು ಬಳಸಿದ್ದು ಲಿಬ್ರೆ ಆಫೀಸ್. ಅದರಲ್ಲಿ ಇನ್ಸರ್ಟ್ ಮೆನುವಿನಲ್ಲೇ ಎನ್ವಲಪ್ ಇದೆ. ವರ್ಡ್‌ನಲ್ಲಾದರೆ ಮೇಲಿಂಗ್ಸ್ ಅನ್ನುವ ಟ್ಯಾಬ್. ಕವರಿನ ಪುಟ ಮಾಡಿಕೊಳ್ಳಲು ನನಗೆ ಅರ್ಧ ಗಂಟೆ ಹಿಡಿಯಿತು. ಪಟ್ಟಿ ಮಾಡಲು ಹನ್ನೆರಡು ದಿನ.

ಅಪ್ಪನ ವಿಳಾಸಗಳೆಲ್ಲ ಒಂದು ಹಳೇ ಡೈರಿಯಲ್ಲಿದ್ದವು. ಒಬ್ಬರದೇ ವಿಳಾಸ ಮೂರು ಸಲ ಹೊಡೆದುಹಾಕಿ ನಾಲ್ಕನೇ ಸಲ ಬರೆದಿರುತ್ತಿದ್ದರು. ವರ್ಗವಾದ ಊರುಗಳು ಒಂದರ ಕೆಳಗೊಂದು ಹಾಗೇ ಇರುತ್ತಿದ್ದವು. ಚಿಕ್ಕಪ್ಪನ ಹತ್ತಿರ ಅವರ ಗೃಹಪ್ರವೇಶದ ಪಟ್ಟಿ ಇತ್ತು. ತಂಗಿ ತನ್ನ ಗೆಳತಿಯರ, ಆಫೀಸಿನವರ ವಿಳಾಸಗಳನ್ನು ವಾಟ್ಸ್‌ಆಪ್‌ನಲ್ಲಿ ತರಿಸಿಕೊಂಡಳು. ಬೆಂಗಳೂರಿನಲ್ಲಿ ಕೂತು ಅದನ್ನೆಲ್ಲ ಎಕ್ಸೆಲ್‌ಗೆ ಹಾಕಿ ಕಳಿಸಿದಳು.

ಆ ಎಕ್ಸೆಲ್ ತೆರೆದು ನೋಡುತ್ತೇನೆ, ಮನೆ ನಂಬರಿನ ಕಾಲಂನಲ್ಲಿ ಅಲ್ಲಲ್ಲಿ ತಾರೀಖುಗಳು. 12/3 ಅಂತ ಟೈಪ್ ಮಾಡಿದ್ದು "12-ಮಾರ್ಚ್" ಆಗಿ ಕೂತಿತ್ತು. ಅದನ್ನು ಸರಿ ಮಾಡೋಣ ಅಂತ ಕಾಲಂ ಅನ್ನು ಟೆಕ್ಸ್ಟ್ ಮಾಡಿದರೆ 43536 ಅಂತಾಯಿತು. ಇದು 1900ರಿಂದ ಎಕ್ಸೆಲ್ ಎಣಿಸಿಕೊಂಡು ಬಂದ ದಿನಗಳ ಲೆಕ್ಕ. 2019ರ ಮಾರ್ಚ್ 12ಕ್ಕೆ ಆ ಸಂಖ್ಯೆ. ಗಮನಿಸದೆ ಪ್ರಿಂಟ್ ಕೊಟ್ಟಿದ್ದರೆ ಪೋಸ್ಟ್‌ಮ್ಯಾನ್ 43536ನೇ ನಂಬರಿನ ಮನೆ ಹುಡುಕಬೇಕಿತ್ತು. ಬೆಂಗಳೂರು, ಮೈಸೂರಿನ ಹಳೇ ಬಡಾವಣೆಗಳಲ್ಲಿ ಇಂಥ ಅಡ್ಡಗೆರೆ ನಂಬರುಗಳೇ ಜಾಸ್ತಿ. ನೀವು ಪಟ್ಟಿ ಮಾಡುವುದಾದರೆ ಒಂದಕ್ಷರ ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಮಾಡಿಕೊಳ್ಳಿ. ಆಮೇಲೆ ಮಾಡಿದರೆ ಪ್ರಯೋಜನವಿಲ್ಲ.

ಇನ್ನೊಂದು ತೊಂದರೆ ಇಂಗ್ಲಿಷಿನಲ್ಲಿ ಬಂದ ಊರುಗಳದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ಲ ಮತ್ತು ಳ ಎರಡೂ ಒಂದೇ. ಹಾಸನ ಜಿಲ್ಲೆಯ ಬೇಲೂರು ಎಲ್ಲರಿಗೂ ಗೊತ್ತು. ನಮ್ಮ ಸಾಗರದ ಕಡೆ ಬೇಳೂರು ಅಂತ ಒಂದು ಊರಿದೆ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತಾರೆ. ಯಾವ ಊರು ಅಂತ ಹೇಳಿದ್ದು ಪಿನ್ ಕೋಡ್. 573ರಿಂದ ಶುರುವಾದರೆ ಹಾಸನದ ಕಡೆ, 577 ಆದರೆ ನಮ್ಮ ಕಡೆ.

ಪಿನ್ ಕೋಡ್ ಜಾರಿಗೆ ಬಂದಿದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಕೇಂದ್ರದ ಸಂಪರ್ಕ ಸಚಿವಾಲಯದಲ್ಲಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತದ ಕವಿಯೂ ಹೌದು. ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳು, ಒಬ್ಬೊಬ್ಬರದು ಒಂದೊಂದು ಬರವಣಿಗೆ. ಇಷ್ಟರ ನಡುವೆ ಕಾಗದ ಸರಿಯಾದ ಜಾಗ ಸೇರಬೇಕು ಅಂತ ಆರು ಅಂಕಿಯ ಈ ಏರ್ಪಾಡು ಮಾಡಿದರು. ಮೊದಲ ಅಂಕಿ ವಲಯ. ನಮ್ಮದು 5. ಕರ್ನಾಟಕದ ಪಿನ್‌ಗಳು 56ರಿಂದ 59ರವರೆಗೆ ಶುರುವಾಗುತ್ತವೆ. ಮೊದಲ ಮೂರು ಅಂಕಿ ಸೇರಿದರೆ ಯಾವ ಜಿಲ್ಲೆಯ ಕಡೆ ಹೋಗಬೇಕು ಅಂತ ಗೊತ್ತಾಗುತ್ತದೆ. ಅಪ್ಪ ಮೇಷ್ಟ್ರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಬಂದಿತ್ತಂತೆ. ಶಾಲೆಯಲ್ಲಿ ಮಕ್ಕಳಿಗೆ ಊರಿನ ಪಿನ್ ಬಾಯಿಪಾಠ ಮಾಡಿಸುತ್ತಿದ್ದರಂತೆ. ಡೈರಿಯಲ್ಲಿ ಪಿನ್ ಇಲ್ಲದ ವಿಳಾಸ ಒಂದೂ ಇರಲಿಲ್ಲ. ನನ್ನ ತಲೆಮಾರಿನವರು ಕಳಿಸಿದ ವಿಳಾಸಗಳಲ್ಲಿ ಅರ್ಧಕ್ಕರ್ಧ ಪಿನ್ ಇರಲೇ ಇಲ್ಲ. ಬದಲಿಗೆ ಲೊಕೇಶನ್ ಕಳಿಸಿದ್ದರು.

ಚಿಕ್ಕಪ್ಪನ ಪಟ್ಟಿಯದ್ದು ಬೇರೆ ಕಥೆ. ಫೈಲು ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದು ಅದು. ಆಗಿನ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಏನೂ ಅಲ್ಲ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಜಾಗ ಇದೆ, ಹಾಗಾಗಿ ಯಾವ ಫಾಂಟು ಹಾಕಿದರೂ ಕನ್ನಡವಾಗಿಯೇ ಉಳಿಯುತ್ತದೆ. ಪರಿವರ್ತಕದಲ್ಲಿ ಹಾಕಿ ಇಡೀ ಪಟ್ಟಿಯನ್ನು ಯುನಿಕೋಡ್‌ಗೆ ತಂದೆ. ಬಂತು. ಆದರೆ "ರಾಜ್‌ಕುಮಾರ್" ಇದ್ದವರೆಲ್ಲ "ರಾಜ್ಕುಮಾರ್" ಆಗಿದ್ದರು. ಜ ಕೆಳಗೆ ಕ ಒತ್ತಾಗಿ ಅಂಟಿಕೊಂಡಿತ್ತು. ಹೀಗೆ ಅಂಟಿದ ಹೆಸರುಗಳನ್ನೆಲ್ಲ ಒಂದೊಂದಾಗಿ ಬಿಡಿಸಿದೆ. ಹೆಸರು ಅಂದಮೇಲೆ ಅಷ್ಟು ಮಾಡಲೇಬೇಕು ಅಲ್ವಾ?

ಇಷ್ಟೆಲ್ಲ ಆದಮೇಲೆ ಒಂದು ಸಂಜೆ ಹತ್ತು ಕವರಿನ ವಿಳಾಸವನ್ನು ಬಿಳಿ ಹಾಳೆಯ ಮೇಲೆ ಪ್ರಿಂಟ್ ತೆಗೆದು ಅಪ್ಪನ ಮುಂದೆ ಇಟ್ಟೆ. ಹೆಸರಿನ ಮುಂದೆ ನಾನೇ "ಅವರಿಗೆ" ಅಂತ ಸೇರಿಸಿದ್ದೆ. ಪುಟದಲ್ಲಿ ಒಂದೇ ಸಲ ಬರೆದರೆ ಸಾಕು, ಎಲ್ಲ ಕವರಿನಲ್ಲೂ ಬರುತ್ತದೆ. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು.

"ಸುಶೀಲಮ್ಮ ಅವರಿಗೆ" ಅಂತ ಒಂದು ಸಲ ಜೋರಾಗಿ ಓದಿದರು. ಆಮೇಲೆ, "ತಪ್ಪಲ್ಲ. ಆದರೆ ಹೀಗೆ ಯಾರು ಕರೀತಾರೆ? ಸುಶೀಲಮ್ಮನವರಿಗೆ ಅಂತಲ್ವಾ ನಾವು ಅನ್ನೋದು?"

ಆಗ ನನಗೆ ಗೊತ್ತಾಯಿತು. ಇಂಗ್ಲಿಷಿನಲ್ಲಿ ಹೆಸರು ಹಾಗೇ ಇರುತ್ತದೆ. ಅದರ ಹಿಂದೆ ಮುಂದೆ ಏನು ಬಂದರೂ ಹೆಸರು ಬದಲಾಗುವುದಿಲ್ಲ. ಅದಕ್ಕೇ ಮೇಲ್ ಮರ್ಜ್ ಅಲ್ಲಿ ಅಷ್ಟು ಸಲೀಸು. ಕನ್ನಡದಲ್ಲಿ ಒಬ್ಬರಿಗೆ ಏನಾದರೂ ಕೊಡುವಾಗ ಅವರ ಹೆಸರೇ ಸ್ವಲ್ಪ ಬಾಗುತ್ತದೆ. ರಾಮಯ್ಯ ಇದ್ದದ್ದು ರಾಮಯ್ಯನವರಿಗೆ. ಹೆಗಡೆ ಇದ್ದದ್ದು ಹೆಗಡೆಯವರಿಗೆ. ಗೌಡ ಆದರೆ ಗೌಡರಿಗೆ. ಭಟ್ಟ ಆದರೆ ಭಟ್ಟರಿಗೆ. ರಾವ್ ಅಂತ ಬರೆದುಕೊಳ್ಳುವವರು ಅಪ್ಪನ ಬಾಯಲ್ಲಿ ಯಾವಾಗಲೂ ರಾಯರು.

ಸೂತ್ರ ಬರೆದು ನೋಡಿದೆ. ಹೆಸರಿನ ಕೊನೆಯ ಅಕ್ಷರ ನೋಡಿ ಅದಕ್ಕೆ ತಕ್ಕ ಪ್ರತ್ಯಯ ಸೇರಿಸುವ ಹಾಗೆ. ಕಂಪ್ಯೂಟರಿಗೆ "ಡೆ" ಅನ್ನುವುದು ಒಂದು ಅಕ್ಷರ ಅಲ್ಲ, ಡ ಒಂದು, ಏತ್ವ ಇನ್ನೊಂದು. ಆದ್ದರಿಂದ ಕೊನೆಯಲ್ಲಿ ಏತ್ವವೋ ಗುಡಿಸೋ ಇದ್ದರೆ "ಯವರಿಗೆ", ಬರೀ ವ್ಯಂಜನ ಇದ್ದರೆ "ನವರಿಗೆ" ಅಂತ ಮಾಡಿದೆ. ಅಮ್ಮ, ಅಯ್ಯ, ಅಪ್ಪ, ಮೂರ್ತಿ, ಹೆಗಡೆ ಎಲ್ಲ ಸರಿಯಾಗಿ ಬಂದರು. ಗೌಡರು ಮಾತ್ರ "ಗೌಡನವರಿಗೆ" ಆದರು. ಭಟ್ಟರು "ಭಟ್ಟನವರಿಗೆ" ಆದರು. ಅದನ್ನು ಸರಿ ಮಾಡಿದರೆ ಪಾಟೀಲರು ಕೆಟ್ಟರು. ಕನ್ನಡದ ಕಿವಿ ಇರುವ ಯಾರಿಗಾದರೂ ಒಂದು ಕ್ಷಣದಲ್ಲಿ ಗೊತ್ತಾಗುವುದನ್ನು ನಾನು ಸೂತ್ರದಲ್ಲಿ ಹಿಡಿಯಲು ಎರಡು ರಾತ್ರಿ ಒದ್ದಾಡಿದೆ.

ಸುಲಭದ ದಾರಿ ಒಂದಿದೆ. ಮೊದಲ ಸಾಲಿನಲ್ಲಿ "ಇವರಿಗೆ" ಅಂತ ಹಾಕಿ, ಕೆಳಗೆ ಹೆಸರನ್ನು ಹಾಗೇ ಬಿಡುವುದು. ಸರ್ಕಾರಿ ಪತ್ರಗಳಲ್ಲೂ ಹಾಗೇ ಮಾಡುತ್ತಾರೆ. ಬಿಲ್ಲಿಗೆ, ನೋಟಿಸಿಗೆ ಅದು ಸಾಕು. ಮದುವೆಗೆ ಕರೆಯುವಾಗ ಸಾಲದು ಅಂತ ನನಗೆ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ಕವರು ಕೈಗೆ ಬಂದಾಗ ಮೊದಲು ಕಾಣುವುದೇ ತಮ್ಮ ಹೆಸರು. ಅದು ಪಟ್ಟಿಯಿಂದ ಕಿತ್ತು ಅಂಟಿಸಿದ ಹಾಗಿರಬಾರದು. ಯಾರೋ ಬಾಗಿಲಲ್ಲಿ ನಿಂತು ಕರೆದ ಹಾಗಿರಬೇಕು.

ಸೂತ್ರ ಅಳಿಸಿ ಶೀಟಿನಲ್ಲಿ ಹೊಸ ಕಾಲಂ ಮಾಡಿದೆ. "ಹೆಸರು" ಪಕ್ಕದಲ್ಲಿ "ಕರೆಯೋದು". ಮೂರು ಸಂಜೆ ಅಪ್ಪ ಜಗಲಿಯಲ್ಲಿ ಕೂತು ಹೇಳಿದರು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ತುಂಬಿದೆ. ಪುರೋಹಿತರಿಗೆ "ವೇ. ಬ್ರ. ಶ್ರೀ", ಅಂದರೆ ವೇದಬ್ರಹ್ಮಶ್ರೀ. ಧಾರವಾಡದ ಕಡೆಯ ಹಳೇ ಸ್ನೇಹಿತರೊಬ್ಬರಿಗೆ "ರಾ. ರಾ.", ಅಂದರೆ ರಾಜಮಾನ್ಯ ರಾಜಶ್ರೀ. ಅವರು ಅಪ್ಪನಿಗೆ ಹಾಗೇ ಬರೆಯುತ್ತಿದ್ದರಂತೆ, ಅಪ್ಪನೂ ಹಾಗೇ ಬರೆಯಬೇಕಂತೆ. ತಮ್ಮನ ಮಕ್ಕಳಿಗೆ, ಹಳೇ ಶಿಷ್ಯರಿಗೆ "ಚಿ||". ಉತ್ತರ ಕನ್ನಡದವರು "ಹೆಗಡೆ", ಉಡುಪಿ ಕಡೆಯವರು "ಹೆಗ್ಡೆ". ಒಬ್ಬರು "ಭಟ್ಟ", ಇನ್ನೊಬ್ಬರು "ಭಟ್". ಅವರವರು ಹೇಗೆ ಸಹಿ ಮಾಡುತ್ತಾರೋ ಹಾಗೇ ಇರಬೇಕು ಅಂತ ಅಪ್ಪನ ಹಟ. ಒಂದಿಬ್ಬರ ಹಳೇ ಕಾಗದ ಹುಡುಕಿ ತೆಗೆದು ಸಹಿ ನೋಡಿ ಹೇಳಿದರು.

ಎರಡನೇ ಸಂಜೆ ಒಂದು ಸಾಲಿಗೆ ಬಂದು ಅಪ್ಪ ಸುಮ್ಮನಾದರು. ಅವರ ಅಕ್ಕ, ಅಂದರೆ ನನ್ನ ಸೋದರತ್ತೆಯ ಮನೆ ವಿಳಾಸ. ಡೈರಿಯಲ್ಲಿ ಇದ್ದದ್ದು ಮಾವನ ಹೆಸರು. ಮಾವ ಹೋಗಿ ಆಗ ಎರಡು ವರ್ಷ ಆಗಿತ್ತು. ಹಿಂದೆಲ್ಲ ಗಂಡ ಸತ್ತ ಹೆಂಗಸರಿಗೆ ಕಾಗದ ಬರೆಯುವಾಗ "ಗಂಗಾಭಾಗೀರಥಿ ಸಮಾನರಾದ" ಅಂತ ಬರೆಯುವ ರೂಢಿ ಇತ್ತು. ಗೌರವಕ್ಕೆ ಅಂತಲೇ ಬರೆಯುತ್ತಿದ್ದರು. ಆದರೆ ಆ ಮಾತು ನೋಡಿದ ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಎಲ್ಲರಿಗೂ ಅವರು ವಿಧವೆ ಅಂತ ಗೊತ್ತಾಗುತ್ತಿತ್ತು.

"ಅದೆಲ್ಲ ಬೇಡ" ಅಂದರು ಅಪ್ಪ. "ಶ್ರೀಮತಿ ಅಂತಲೇ ಹಾಕು. ಅಕ್ಕನ ಹೆಸರು ಹಾಕು. ಪೂರ್ತಿ ಹಾಕು."

ಒಳಗಿಂದ ಅಮ್ಮ ಕೇಳಿಸಿಕೊಂಡು ಹೊರಗೆ ಬಂದರು. "ಬರೀ ಅಕ್ಕನದು ಯಾಕೆ, ಉಳಿದ ಹೆಂಗಸರ ಹೆಸರು?" ಅಂದರು. ನೋಡಿದರೆ ಹೌದು. ಪಟ್ಟಿಯ ಮುಕ್ಕಾಲು ಸಾಲುಗಳಲ್ಲಿ ಗಂಡಸಿನ ಹೆಸರು, ಅದರ ಮುಂದೆ "ಮತ್ತು ಕುಟುಂಬ". ಡೈರಿಯಲ್ಲಿ ಹೆಂಗಸರ ಹೆಸರೇ ಇರಲಿಲ್ಲ. ಅಪ್ಪನಿಗೆ ಕೆಲವು ಗೊತ್ತೂ ಇರಲಿಲ್ಲ. ಅಮ್ಮನಿಗೆ ಎಲ್ಲ ಗೊತ್ತಿತ್ತು. ಅಡುಗೆಮನೆ ಹೊಸ್ತಿಲಲ್ಲಿ ಕೂತು, ಹುರುಳಿಕಾಯಿ ನಾರು ತೆಗೆಯುತ್ತಾ, ಇನ್ನೂರಕ್ಕೂ ಜಾಸ್ತಿ ಹೆಸರು ಹೇಳಿದರು. ಯಾರದು ತವರಿನ ಹೆಸರು, ಯಾರಿಗೆ ಮದುವೆಯಾದಮೇಲೆ ಹೆಸರು ಬದಲಾಯಿಸಿದರು, ಈಗ ಯಾವುದರಿಂದ ಕರೆದರೆ ಅವರಿಗೆ ಇಷ್ಟ, ಅದೂ ಸೇರಿ. ಪಟ್ಟಿಗೆ ಇನ್ನೊಂದು ಕಾಲಂ ಬಂತು. ನಾನು ಮಾಡಿದ ಇಡೀ ಕೆಲಸದಲ್ಲಿ ಅತಿ ಒಳ್ಳೆಯದು ಆ ಕಾಲಂ.

ವಿಳಾಸದ ಭಾಗಕ್ಕೆ ಸಾಫ್ಟ್‌ವೇರ್ ಕೊಡುವ ಬೀದಿ, ನಗರ, ರಾಜ್ಯ, ದೇಶ ಅನ್ನುವ ಕಾಲಂಗಳನ್ನು ಬಿಟ್ಟುಬಿಟ್ಟೆ. ಹಳ್ಳಿಯ ವಿಳಾಸಕ್ಕೆ ಬೀದಿ ಎಲ್ಲಿದೆ? ಮನೆ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ. ಬಯಲುಸೀಮೆಯ ಕೆಲವರದು "ಮು|| ಪೋ||", ಅಂದರೆ ಮುಕ್ಕಾಂ ಪೋಸ್ಟ್, ಅಂತ ಊರಿನ ಹೆಸರು ಒಂದೇ ಸಲ. ಬೆಂಗಳೂರಿನದು ಮಹಡಿ, ಅಡ್ಡರಸ್ತೆ, ಮುಖ್ಯರಸ್ತೆ, ಹಂತ, ಆಮೇಲೆ ನೀರಿನ ಟ್ಯಾಂಕಿನ ಹತ್ತಿರ. ಹಾಗಾಗಿ ಸಾಲು 1, ಸಾಲು 2, ಸಾಲು 3 ಅಂತ ಮಾಡಿ, ಪಿನ್ ಮಾತ್ರ ಬೇರೆ ಇಟ್ಟೆ. ಹೊರರಾಜ್ಯದ ನಲವತ್ತು ವಿಳಾಸಗಳನ್ನು ಬೇರೆ ಶೀಟಿನಲ್ಲಿ ಇಂಗ್ಲಿಷಿನಲ್ಲೇ ಮಾಡಿದೆ. ಪುಣೆಯಲ್ಲಿ ಕಾಗದ ವಿಂಗಡಿಸುವವರಿಗೆ ಕನ್ನಡ ಓದಲು ಬರಬೇಕು ಅಂತ ಬಯಸುವುದು ಸರಿಯಲ್ಲ. ಪಿನ್ ಎಲ್ಲ ಕಡೆ ಇಂಗ್ಲಿಷ್ ಅಂಕಿಯಲ್ಲೇ ಇತ್ತು.

ಪ್ರಿಂಟ್ ತೆಗೆಯುವಾಗ ಪಿನ್ ಚಿಕ್ಕದಾಗಿ, ಹೆಸರು ದೊಡ್ಡದಾಗಿ ಬಂತು. ಲಿಬ್ರೆ ಆಫೀಸಿನಲ್ಲಿ ಕನ್ನಡದಂಥ ಲಿಪಿಗಳಿಗೆ ಸಿಟಿಎಲ್ ಅಂತ ಫಾಂಟೂ ಬೇರೆ, ಅದರ ಗಾತ್ರವೂ ಬೇರೆ. ಅಂಕಿಗಳು ಇಂಗ್ಲಿಷ್ ಫಾಂಟಿನ ಲೆಕ್ಕಕ್ಕೆ ಹೋಗುತ್ತವೆ. ಎರಡೂ ಕಡೆ ಒಂದೇ ಗಾತ್ರ ಕೊಟ್ಟಮೇಲೆ ಸರಿಹೋಯಿತು. ಇದು ಯಾರೂ ಹೇಳಿಕೊಡದ ವಿಷಯ, ಅದಕ್ಕೇ ಬರೆದೆ. ಇನ್ನೊಂದು: ನೇರ ಪ್ರಿಂಟರಿಗೆ ಕೊಡಬೇಡಿ. ಮೊದಲು ಎಲ್ಲವನ್ನೂ ಒಂದು ಫೈಲಿಗೆ ತೆಗೆದು ಪರದೆಯ ಮೇಲೆ ಓದಿ. ಒಂದು ಪ್ರತಿಯನ್ನು ಬಿಳಿ ಹಾಳೆಯ ಮೇಲೆ ತೆಗೆದು, ಕವರಿನ ಹಿಂದೆ ಇಟ್ಟು ಬೆಳಕಿಗೆ ಹಿಡಿಯಿರಿ. ಸಾಲು ಎಲ್ಲಿ ಬರುತ್ತದೆ ಅಂತ ಕವರು ಹಾಳಾಗದೆ ಗೊತ್ತಾಗುತ್ತದೆ.

ನಮ್ಮ ಕವರಿನ ಎಡ ಮೂಲೆಯಲ್ಲಿ ಉಬ್ಬು ಗಣಪತಿ ಇತ್ತು. ಆ ತುದಿ ಮೊದಲು ಒಳಗೆ ಹೋದರೆ ರೋಲರ್ ಹಿಡಿತ ತಪ್ಪಿ ಕವರು ಸೊಟ್ಟಗಾಗುತ್ತಿತ್ತು. ತಿರುಗಿಸಿ, ಸಪಾಟಾದ ತುದಿ ಮೊದಲು ಹೋಗುವ ಹಾಗೆ ಕೊಟ್ಟೆ. ಎನ್ವಲಪ್ ಸೆಟ್ಟಿಂಗಿನಲ್ಲಿ ಕವರು ಯಾವ ದಿಕ್ಕಿನಿಂದ ಹೋಗುತ್ತದೆ ಅಂತ ಚಿತ್ರಗಳಿವೆ, ಅದರಲ್ಲಿ ಆರಿಸಿದರಾಯಿತು. ಒಂದೊಂದೇ ಕವರು ಕೈಯಲ್ಲಿ ಕೊಡಬೇಕು. ಹೊಳಪಿನ ಕಾಗದ, ಇಂಕು ಬೇಗ ಆರುತ್ತಿರಲಿಲ್ಲ. ನಡುಮನೆಯ ತುಂಬ ಹಪ್ಪಳ ಒಣಹಾಕಿದ ಹಾಗೆ ಕವರುಗಳನ್ನು ಹರಡಿದೆವು. ನಡುವೆ ಕಾಲಿಡಲು ಜಾಗವಿಲ್ಲದೆ ಅಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತಿದ್ದರು.

ಅರಿಶಿನದ ವಿಷಯ ಹೇಳಲೇಬೇಕು. ಅರಿಶಿನ ಹಚ್ಚದ ಪತ್ರಿಕೆ ಮನೆಯಿಂದ ಹೊರಗೆ ಹೋಗಬಾರದು. ಅಮ್ಮ ಮೊದಲೇ ಒಂದು ಕಟ್ಟಿಗೆ ನಾಲ್ಕೂ ಮೂಲೆಗೆ ಹಚ್ಚಿ ಇಟ್ಟಿದ್ದರು. ಅವನ್ನು ಪ್ರಿಂಟರಿಗೆ ಕೊಟ್ಟರೆ ರೋಲರಿಗೆ ಅರಿಶಿನ ಮೆತ್ತಿಕೊಂಡು ಮುಂದಿನ ಕವರುಗಳ ಮೇಲೆಲ್ಲ ಹಳದಿ ಗೆರೆ ಬೀಳುತ್ತದೆ. ಆ ಕಟ್ಟನ್ನು ಪಕ್ಕಕ್ಕೆ ಇಟ್ಟು, ಅದಕ್ಕೆ ಮಾತ್ರ ಸ್ಟಿಕರ್ ಹಾಳೆ ತಂದೆ. ಒಂದು ಎ4 ಹಾಳೆಯಲ್ಲಿ 24 ಸ್ಟಿಕರು. ಸ್ಟಿಕರಿಗೆ ಮಾಡುವಾಗ ಪ್ರತಿ ಚೌಕದ ನಡುವೆ ನೆಕ್ಸ್ಟ್ ರೆಕಾರ್ಡ್ ಅನ್ನುವುದು ಇರಬೇಕು, ಇಲ್ಲದಿದ್ದರೆ 24ರಲ್ಲೂ ಒಬ್ಬರದೇ ಹೆಸರು. ಉಳಿದ ಕವರುಗಳಿಗೆ ಇಂಕು ಆರಿದಮೇಲೆ ಅಮ್ಮ ಅರಿಶಿನ ಹಚ್ಚಿದರು.

ಐದು ಕವರು ಮಾತ್ರ ಪ್ರಿಂಟ್ ಮಾಡಲಿಲ್ಲ. ಒಂದು ಮನೆದೇವರಿಗೆ, ಒಂದು ಮಠಕ್ಕೆ, ಒಂದು ಅತ್ತೆಗೆ, ಎರಡು ಅಪ್ಪನ ಇಬ್ಬರು ಗುರುಗಳ ಮನೆಗೆ. ಅವನ್ನು ಅಪ್ಪ ಕೈಯಲ್ಲೇ ಬರೆದರು. ದಿನಕ್ಕೊಂದು, ಬೆಳಗ್ಗೆ ಕಾಫಿ ಆದಮೇಲೆ, ಕೈ ಸ್ವಲ್ಪ ನಿಂತಿರುವಾಗ.

ಪತ್ರಿಕೆ ಸೇರಿಸಿ ತೂಗಿದರೆ ಒಂದೊಂದು 34 ಗ್ರಾಂ. ಆಗ ಸಾಮಾನ್ಯ ಕಾಗದಕ್ಕೆ 20 ಗ್ರಾಂವರೆಗೆ 5 ರೂಪಾಯಿ ಇತ್ತು, ಹಾಗಾಗಿ ಪ್ರತಿ ಕವರಿಗೂ 10 ರೂಪಾಯಿ ಸ್ಟಾಂಪು. ಪ್ರಿಂಟ್ ಕೊಡುವ ಮೊದಲೇ ಪಟ್ಟಿಯನ್ನು ಪಿನ್ ಪ್ರಕಾರ ಜೋಡಿಸಿದ್ದರಿಂದ ಕವರುಗಳು ಅದೇ ಕ್ರಮದಲ್ಲಿ ಬಂದಿದ್ದವು. 56, 57, 58, 59 ಅಂತ ಕಟ್ಟು ಕಟ್ಟಿ ಪೋಸ್ಟಾಫೀಸಿಗೆ ಒಯ್ದೆ. ಕೌಂಟರಿನಲ್ಲಿದ್ದವರು ಕಟ್ಟು ತಿರುಗಿಸಿ ನೋಡಿ, "ಯಾರು ಸಾರ್ ಇಷ್ಟು ಚೆನ್ನಾಗಿ ಜೋಡಿಸಿದ್ದು?" ಅಂದರು.

ಒಂಬತ್ತು ವಾಪಸ್ ಬಂದವು. ಕೆಲವದರ ಮೇಲೆ ಮನೆ ಬಿಟ್ಟುಹೋಗಿದ್ದಾರೆ ಅಂತ ಬರೆದಿತ್ತು. ಒಂದರಲ್ಲಿ ವಿಳಾಸದಾರರು ತೀರಿಕೊಂಡಿದ್ದಾರೆ ಅಂತ. ಅವರು ಅಪ್ಪನ ಜೊತೆ ಟ್ರೈನಿಂಗ್ ಮಾಡಿದವರು. ನಮ್ಮ ವಿಳಾಸ ಹಿಂಬದಿಯಲ್ಲಿ ಇಲ್ಲದಿದ್ದರೆ ಅಪ್ಪನಿಗೆ ಆ ಸುದ್ದಿ ಯಾವಾಗ ತಿಳಿಯುತ್ತಿತ್ತೋ. ಅವರ ಹೆಂಡತಿಯ ಹೆಸರು ಶೀಟಿನಲ್ಲಿತ್ತು. ಅಮ್ಮ ಹೇಳಿ ಹಾಕಿಸಿದ್ದು. ಅಪ್ಪ ಆ ಹೆಸರಿಗೆ ಬೇರೆ ಕಾಗದ ಬರೆದರು.

ಕಳೆದ ವರ್ಷ ಚಿಕ್ಕಪ್ಪನ ಮಗನ ಮದುವೆ ಗೊತ್ತಾಯಿತು. ಅವನು ಫೋನ್ ಮಾಡಿ ಆ ಫೈಲು ಕೇಳಿದ. ವಿಳಾಸ, ಪಿನ್, ಹೆಸರು, ಹೆಂಗಸರ ಹೆಸರು ಎಲ್ಲ ಇಟ್ಟು, "ಕರೆಯೋದು" ಕಾಲಂ ಮಾತ್ರ ಖಾಲಿ ಮಾಡಿ ಕಳಿಸಿದೆ. ಅಪ್ಪನಿಗೆ "ಚಿ||" ಆದವರು ಅವನಿಗೆ ಅಣ್ಣಂದಿರು. ಅಪ್ಪನ ಶಿಷ್ಯರು ಅವನಿಗೆ ಮೇಷ್ಟ್ರು.

ರಾತ್ರಿ ಮತ್ತೆ ಫೋನ್ ಬಂತು. "ಅಣ್ಣಾ, ಒಂದು ಕಾಲಂ ಪೂರ್ತಿ ಖಾಲಿ ಇದೆಯಲ್ಲ, ಅಳಿಸಿಹೋಗಿದೆಯಾ?"

"ಇಲ್ಲ ಕಣೋ, ನಾನೇ ತೆಗೆದಿದ್ದು" ಅಂದೆ. "ಚಿಕ್ಕಪ್ಪ ಊಟ ಮಾಡಿ ಆಯ್ತಾ? ಲ್ಯಾಪ್‌ಟಾಪ್ ತಗೊಂಡು ಅವರ ಹತ್ತಿರ ಕೂತ್ಕೋ. ಚಿಕ್ಕಮ್ಮನನ್ನೂ ಕರಿ."